ಬ್ರಾಂಚ್‌ಗಳನ್ನ ಕನೆಕ್ಟ್ ಮಾಡೋಕೆ ಯಾವ ಲಿಂಕ್ ತಗೋಬೇಕು? ವ್ಯಾನ್ (WAN, ಬೇರೆ ಬೇರೆ ಊರಿನ ಆಫೀಸ್‌ಗಳನ್ನ ಒಂದಕ್ಕೊಂದು ಜೋಡಿಸೋ ನೆಟ್‌ವರ್ಕ್) ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಹೆಡ್ ಆಫೀಸ್ ಬೆಂಗಳೂರಲ್ಲಿ, ಗೋಡೌನ್ ದಾಬಸ್‌ಪೇಟೆಯಲ್ಲಿ, ಬ್ರಾಂಚ್‌ಗಳು ಹುಬ್ಬಳ್ಳಿ, ಕಲಬುರಗಿ, ಪುತ್ತೂರು, ಶಿರಸಿ ಅಂತ ಹರಡಿರೋ ಬಿಸಿನೆಸ್‌ಗಳು ನಮ್ಮಲ್ಲಿ ತುಂಬಾನೇ ಇವೆ. ಔಷಧಿ ಡಿಸ್ಟ್ರಿಬ್ಯೂಟರ್, ಅಡಿಕೆ ವ್ಯಾಪಾರ, ಟ್ರಾಕ್ಟರ್ ಶೋರೂಂ, ಸೌಹಾರ್ದ ಸೊಸೈಟಿ, ಯಾವ್ದೇ ಇರ್ಲಿ, ನಾಲ್ಕೈದು ಬ್ರಾಂಚ್ ಆದ್ಮೇಲೆ ಎಲ್ರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಬ್ರಾಂಚ್ ಮಾಲೀಕರಿಗೂ, ಅಲ್ಲಿ ಐಟಿ ನೋಡ್ಕೊಳ್ಳೋ ಹುಡುಗರಿಗೂ ಇಬ್ರಿಗೂ ಉಪಯೋಗ ಆಗ್ಲಿ ಅಂತ ಬರೆದಿದೀನಿ.

ಸರ್, ಎಲ್ಲಾ ಬ್ರಾಂಚಲ್ಲೂ ಇಂಟರ್ನೆಟ್ ಇದೆಯಲ್ಲ, ಮತ್ತೆ ವ್ಯಾನ್ ಅಂತ ಬೇರೆ ಯಾಕೆ?

ಇಂಟರ್ನೆಟ್ ಇದ್ರೆ ಪ್ರತಿ ಬ್ರಾಂಚು ಹೊರಗಿನ ಪ್ರಪಂಚಕ್ಕೆ ಕನೆಕ್ಟ್ ಆಗಿದೆ ಅಷ್ಟೇ, ಒಂದಕ್ಕೊಂದು ಆಗಿಲ್ಲ. ಹೆಡ್ ಆಫೀಸ್ ಸರ್ವರ್‌ನಲ್ಲಿರೋ ಸ್ಟಾಕು ಕಲಬುರಗಿ ಕೌಂಟರ್‌ನಲ್ಲಿ ಕಾಣ್ಬೇಕು, ಎಕ್ಸ್‌ಟೆನ್ಷನ್ ಒತ್ತಿದ್ರೆ ಹುಬ್ಬಳ್ಳಿ ಫೋನ್ ರಿಂಗ್ ಆಗ್ಬೇಕು, ಗೋಡೌನ್ ಕ್ಯಾಮೆರಾ ಮಾಲೀಕರ ಟೇಬಲ್ ಮೇಲೆ ಬರ್ಬೇಕು, ಇದೆಲ್ಲ ಹೊರಗಿನವರ ಕೈಗೆ ಸಿಗದ ಹಾಗೆ ನಡೀಬೇಕು ಅಂದ್ರೆ ಆಗ ವ್ಯಾನ್ ಬೇಕು. ನಿಮ್ಮ ಸಾಫ್ಟ್‌ವೇರ್ ಪೂರ್ತಿ ಕ್ಲೌಡ್‌ನಲ್ಲಿದೆ, ಬ್ರೌಸರ್ ಬಿಟ್ಟು ಬೇರೆ ಏನೂ ಓಪನ್ ಮಾಡಲ್ಲ ಅಂದ್ರೆ ಬೇಕಾಗೇ ಇಲ್ಲ. ಪ್ರತಿ ಬ್ರಾಂಚಿಗೂ ಒಳ್ಳೆ ಇಂಟರ್ನೆಟ್ಟು, ಅದಕ್ಕೊಂದು ಬ್ಯಾಕಪ್ಪು, ಒಂದು ಒಳ್ಳೆ ಫೈರ್‌ವಾಲ್ (ಹೊರಗಿನವರನ್ನ ತಡೆಯೋ ಡಬ್ಬ), ಇಷ್ಟಿದ್ರೆ ಸಾಕು, ದುಡ್ಡು ಉಳಿಸ್ಕೊಳ್ಳಿ.

ಹಾಗಿದ್ರೆ ಎಲ್ಲಿಂದ ಶುರು ಮಾಡೋದು? ಮೊದಲು ಕೊಟೇಶನ್ ತರಿಸ್ಲಾ?

ಬೇಡ. ಕೊಟೇಶನ್ ಮೊದಲು ಬಂದ್ರೆ ನಿಮ್ಮ ತಲೆ ರೇಟಿನ ಕಡೆ ಹೋಗ್ಬಿಡುತ್ತೆ. ಮೊದಲು ಒಂದು ಹಾಳೆ ತಗೊಂಡು ಎಲ್ಲಾ ಬ್ರಾಂಚ್ ಹೆಸರು ಬರೀರಿ, ಪ್ರತಿ ಹೆಸರಿನ ಮುಂದೆ, ಇಲ್ಲಿ ಲಿಂಕ್ ಹೋದ್ರೆ ಯಾವ ಕೆಲಸ ನಿಲ್ಲುತ್ತೆ, ಎಷ್ಟು ಹೊತ್ತು ನಿಂತ್ರೆ ತಡ್ಕೋಬಹುದು, ಇಷ್ಟು ಬರೀರಿ. ಗೋಡೌನ್‌ನಲ್ಲಿ ಲಿಂಕ್ ಹೋದ್ರೆ ಇನ್‌ವಾಯ್ಸ್ ಬರಲ್ಲ, ಇ-ವೇ ಬಿಲ್ ಆಗಲ್ಲ, ಲೋಡ್ ಆದ ಲಾರಿ ಗೇಟಲ್ಲೇ ನಿಲ್ಲುತ್ತೆ, ಅಲ್ಲಿ ಹತ್ತು ನಿಮಿಷಾನೂ ಕಷ್ಟ. ಶಿರಸಿ ಬ್ರಾಂಚಲ್ಲಿ ಇಬ್ರೇ ಇದಾರೆ, ಸಂಜೆ ಒಂದ್ಸಲ ಎಂಟ್ರಿ ಹಾಕ್ತಾರೆ ಅಂದ್ರೆ ಅರ್ಧ ದಿನ ಹೋದ್ರೂ ನಡೆಯುತ್ತೆ. ಇವೆರಡಕ್ಕೂ ಒಂದೇ ಲಿಂಕ್ ಹಾಕ್ಸೋದು ತಪ್ಪು. ಎಲ್ಲಾ ಬ್ರಾಂಚಿಗೂ ಒಂದೇ ತರ ಇರ್ಲಿ ಅನ್ನೋ ಆಸೆ ಐಟಿಯವರಿಗೆ ಇರುತ್ತೆ, ಮೇಂಟೇನ್ ಮಾಡೋಕೆ ಸುಲಭ ಅಂತ, ಆದ್ರೆ ಶಿರಸಿಗೆ ಜಾಸ್ತಿ ಕೊಟ್ಟು ಗೋಡೌನ್‌ಗೆ ಕಮ್ಮಿ ಬೀಳೋದು ಇದ್ರಿಂದಾನೇ.

ಎಷ್ಟು ಎಂಬಿಪಿಎಸ್, ಅಂದ್ರೆ ಎಷ್ಟು ಸ್ಪೀಡ್, ಬೇಕು?

ಜನ ಅಂದ್ಕೊಂಡಷ್ಟು ಬೇಡ. ಕೇಂದ್ರ ಸರ್ಕಾರ 2005ರಲ್ಲಿ ರಾಜ್ಯಗಳ ವ್ಯಾನ್ ಯೋಜನೆಗೆ ಒಪ್ಪಿಗೆ ಕೊಟ್ಟಾಗ, ಕರ್ನಾಟಕದ ಸರ್ಕಾರಿ ಆಫೀಸ್‌ಗಳ ನೆಟ್‌ವರ್ಕ್ ಆದ ನಮ್ಮ ಕೆ-ಸ್ವಾನ್ ಕೂಡ ಅದರದ್ದೇ ಭಾಗ, ಒಂದು ಲಿಂಕಿಗೆ ಕನಿಷ್ಠ 2 ಎಂಬಿಪಿಎಸ್ ಅಂತ ಇಟ್ಕೊಂಡಿದ್ರು. ಬಿಲ್ಲಿಂಗ್, ಸ್ಟಾಕ್ ಎಂಟ್ರಿ ಇಂಥ ಕೆಲಸ ಈಗ್ಲೂ ಹಗುರಾನೇ. ಆಫೀಸ್ ಫೋನ್ ಕಾಲ್ ಒಂದಕ್ಕೆ ಒಂದೊಂದು ದಿಕ್ಕಿಗೆ ಸುಮಾರು 90 ಕೆಬಿಪಿಎಸ್ ಸಾಕು, ಅಂದ್ರೆ ಹತ್ತು ಜನ ಒಟ್ಟಿಗೆ ಮಾತಾಡಿದ್ರೂ 1 ಎಂಬಿಪಿಎಸ್ ದಾಟಲ್ಲ.

ತಿನ್ನೋದು ಕ್ಯಾಮೆರಾ. ಫುಲ್ ಎಚ್‌ಡಿ ಕ್ಯಾಮೆರಾ ಒಂದಕ್ಕೆ 2ರಿಂದ 4 ಎಂಬಿಪಿಎಸ್ ಬೇಕು, 16 ಕ್ಯಾಮೆರಾನ ಫುಲ್ ಕ್ವಾಲಿಟಿಲಿ ಹೆಡ್ ಆಫೀಸ್ ಟಿವಿ ಮೇಲೆ ಇಡೀ ದಿನ ಹಾಕಿಟ್ರೆ 32 ಎಂಬಿಪಿಎಸ್‌ಗಿಂತ ಮೇಲೆ ಹೋಯ್ತು, ಅದೂ ಅಪ್‌ಲೋಡ್‌ನಲ್ಲಿ. ರೆಕಾರ್ಡಿಂಗ್ ಬ್ರಾಂಚಲ್ಲೇ ಆಗ್ಲಿ, ಹೆಡ್ ಆಫೀಸಿಗೆ ಸಬ್-ಸ್ಟ್ರೀಮ್ (ಅದೇ ಕ್ಯಾಮೆರಾದ ಕಮ್ಮಿ ಕ್ವಾಲಿಟಿ ವಿಡಿಯೋ) ಮಾತ್ರ ಬರ್ಲಿ. ಈ ಒಂದು ಸೆಟ್ಟಿಂಗ್ ಬದಲಾಯಿಸಿದ್ರೆ ಎಷ್ಟೋ ಕಡೆ ಹೊಸ ಲಿಂಕೇ ಬೇಕಾಗಲ್ಲ.

ಸ್ಪೀಡ್ ಟೆಸ್ಟ್‌ನಲ್ಲಿ 100 ತೋರಿಸುತ್ತೆ, ಆದ್ರೂ ಬ್ರಾಂಚಲ್ಲಿ ಟ್ಯಾಲಿ ಯಾಕೆ ಇಷ್ಟು ಸ್ಲೋ?

ಇದು ನಮ್ಮ ಕಡೆ ನಂಬರ್ ಒನ್ ಪ್ರಶ್ನೆ. ಬ್ರಾಂಚ್ ಮತ್ತೆ ಹೆಡ್ ಆಫೀಸ್ ಮಧ್ಯ ವಿಪಿಎನ್ (ಇಂಟರ್ನೆಟ್ ಮೇಲೇ ಹೊರಗಿನವರಿಗೆ ಕಾಣದ ಖಾಸಗಿ ದಾರಿ) ಹಾಕ್ತಾರೆ, ಸರ್ವರ್‌ನಲ್ಲಿರೋ ಟ್ಯಾಲಿ ಡೇಟಾ ಫೋಲ್ಡರ್‌ನ ಶೇರ್ ಮಾಡಿ ಹುಬ್ಬಳ್ಳಿ ಕಂಪ್ಯೂಟರ್‌ನಿಂದ ನೇರವಾಗಿ ಓಪನ್ ಮಾಡ್ತಾರೆ, ಒಂದು ಲೆಡ್ಜರ್ ಬರೋಕೆ ನಿಮಿಷ ಆಗುತ್ತೆ, ಆಮೇಲೆ ಲಿಂಕ್ ಸರಿ ಇಲ್ಲ ಅಂತ 100 ಇದ್ದದ್ದನ್ನ 200 ಮಾಡಿಸ್ತಾರೆ, ಆಗ್ಲೂ ಅಷ್ಟೇ ಸ್ಲೋ.

ಯಾಕಂದ್ರೆ ಇಲ್ಲಿ ತೊಂದ್ರೆ ಸ್ಪೀಡ್‌ದಲ್ಲ, ಹೋಗಿ ಬರೋ ಸಮಯದ್ದು. ಫೈಲ್ ಶೇರಿಂಗ್‌ನಲ್ಲಿ ಕಂಪ್ಯೂಟರ್ ಒಂದು ಚೂರು ಕೇಳುತ್ತೆ, ಅದು ಬಂದ್ಮೇಲೆ ಇನ್ನೊಂದು ಚೂರು ಕೇಳುತ್ತೆ. ಒಂದು ರಿಪೋರ್ಟಿಗೆ ಮೂರು ಸಾವಿರ ಸಲ ಹೋಗಿ ಬರ್ಬೇಕು ಅಂತ ಇಟ್ಕೊಳ್ಳಿ. ಆಫೀಸ್ ಒಳಗೆ ಒಂದ್ಸಲಕ್ಕೆ ಅರ್ಧ ಮಿಲಿಸೆಕೆಂಡ್, ಒಟ್ಟು ಒಂದೂವರೆ ಸೆಕೆಂಡ್‌ನಲ್ಲಿ ಮುಗೀತು. ವ್ಯಾನ್ ಮೇಲೆ ಒಂದ್ಸಲಕ್ಕೆ 20 ಮಿಲಿಸೆಕೆಂಡ್ ಆದ್ರೆ ಅದೇ ಕೆಲಸಕ್ಕೆ 60 ಸೆಕೆಂಡ್. ಎಂಬಿಪಿಎಸ್ ಎಷ್ಟು ಜಾಸ್ತಿ ಮಾಡಿದ್ರೂ ಆ 20 ಕಮ್ಮಿ ಆಗಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ, ಆ ಲೆಕ್ಕಕ್ಕೆ ಬೆಂಗಳೂರು–ಹುಬ್ಬಳ್ಳಿ ಹೋಗಿ ಬರೋಕೆ 4 ಮಿಲಿಸೆಕೆಂಡ್ ಸಾಕು, ಆದ್ರೆ ಎರಡೂ ಕಡೆ ಬೇರೆ ಬೇರೆ ಕಂಪನಿ ಲಿಂಕ್ ಇದ್ರೆ ಡೇಟಾ ಚೆನ್ನೈಗೋ ಮುಂಬೈಗೋ ಹೋಗಿ ಅಲ್ಲಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟಿ ವಾಪಸ್ ಬರೋದೂ ಉಂಟು.

ಏನ್ ಮಾಡ್ಬೇಕು ಅಂದ್ರೆ, ಟ್ಯಾಲಿ ಸರ್ವರ್‌ನಲ್ಲೇ ಓಡ್ಲಿ, ಬ್ರಾಂಚಿನವರು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗ್ಲಿ. ಆಗ ಲಿಂಕ್ ಮೇಲೆ ಸ್ಕ್ರೀನ್ ಚಿತ್ರ ಬರುತ್ತೆ, ಕೀಬೋರ್ಡು ಮೌಸು ಹೋಗುತ್ತೆ, ಅಷ್ಟೇ. ಹಳೇ ಲಿಂಕ್‌ನಲ್ಲೇ ಆರಾಮಾಗಿ ನಡೆಯುತ್ತೆ. ದಯವಿಟ್ಟು ಇದನ್ನ ವಿಪಿಎನ್ ಒಳಗೆ ಮಾತ್ರ ಮಾಡಿ. ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸೋ 3389 ಪೋರ್ಟ್ ಓಪನ್ ಮಾಡಿ ನೇರ ಇಂಟರ್ನೆಟ್‌ಗೆ ಬಿಟ್ರೆ ಡೇಟಾ ಲಾಕ್ ಮಾಡಿ ದುಡ್ಡು ಕೇಳೋ ರಾನ್ಸಮ್‌ವೇರ್‌ನವರಿಗೆ ಬಾಗಿಲು ತೆಗೆದಿಟ್ಟ ಹಾಗೆ, ಪಾಸ್‌ವರ್ಡ್ ಹೊಡೆದು ನೋಡೋ ಬಾಟ್‌ಗಳು ಆ ಪೋರ್ಟನ್ನ ಹಗಲು ರಾತ್ರಿ ಹುಡುಕ್ತಾನೇ ಇರ್ತವೆ.

ಬ್ರಾಡ್‌ಬ್ಯಾಂಡ್‌ಗೂ ಲೀಸ್ಡ್ ಲೈನ್‌ಗೂ ಅಷ್ಟೊಂದು ರೇಟ್ ಡಿಫರೆನ್ಸ್ ಯಾಕೆ? ಎರಡೂ ಫೈಬರ್ರೇ ಅಲ್ವಾ?

ಹೌದು, ಫೈಬರ್ರೇ. ಮನೆ ಮನೆಗೆ ಬರೋ ಜಿಪಾನ್ (ಒಂದು ಫೈಬರನ್ನ ತುಂಬಾ ಜನಕ್ಕೆ ಕವಲು ಮಾಡಿ ಕೊಡೋ) ಬ್ರಾಡ್‌ಬ್ಯಾಂಡ್‌ನಲ್ಲಿ ಒಂದು ಪೋರ್ಟಿನ 2.5 ಜಿಬಿಪಿಎಸ್ ಡೌನ್‌ಲೋಡ್, 1.25 ಜಿಬಿಪಿಎಸ್ ಅಪ್‌ಲೋಡ್‌ನ 32 ಅಥ್ವಾ 64 ಜನ ಹಂಚ್ಕೊಳ್ತಾರೆ. ಅದ್ರಿಂದ ಮುಂದಕ್ಕೂ ಶೇರಿಂಗೇ. ಲೀಸ್ಡ್ ಲೈನ್‌ನಲ್ಲಿ ನೀವು ತಗೊಂಡಿದ್ದು ನಿಮಗೇ, ಅಪ್‌ಲೋಡ್ ಡೌನ್‌ಲೋಡ್ ಎರಡೂ ಸಮ, ಸ್ಟಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಜೊತೆಗೇ ಬರುತ್ತೆ. ಆದ್ರೆ ನನ್ನ ಪ್ರಕಾರ ಆ ದುಡ್ಡಿಗೆ ಸಿಗೋ ನಿಜವಾದ ಬೆಲೆ ಇದಲ್ಲ. ಫೈಬರ್ ಕಟ್ ಆದಾಗ ಯಾರ ಕಂಪ್ಲೇಂಟ್ ಮೊದಲು ನೋಡ್ತಾರೆ ಅನ್ನೋದೇ ಬೆಲೆ. ಬ್ರಾಡ್‌ಬ್ಯಾಂಡ್ ಕಸ್ಟಮರ್‌ಗೆ ನಾಳೆ ಬರ್ತಾರೆ ಅಂತಾರೆ, ಲೀಸ್ಡ್ ಲೈನ್‌ಗೆ ಟಿಕೆಟ್ ನಂಬರ್, ಇಷ್ಟು ಗಂಟೆ ಒಳಗೆ ರಿಪೇರಿ ಅನ್ನೋ ಬರಹ ಇರುತ್ತೆ.

ಸರ್ವರ್ ಇರೋ ಜಾಗಕ್ಕೆ ಲೀಸ್ಡ್ ಲೈನ್ ಬೇಕೇ ಬೇಕು, ಎಲ್ಲಾ ಬ್ರಾಂಚೂ ಅಲ್ಲಿಗೇ ಬರೋದು. ಉಳಿದ ಕಡೆಗೆ ಯೋಚನೆ ಮಾಡಿ.

ಎಂಪಿಎಲ್‌ಎಸ್ (ಟೆಲಿಕಾಂ ಕಂಪನಿ ತನ್ನ ನೆಟ್‌ವರ್ಕ್ ಒಳಗೇ ಕೊಡೋ ಖಾಸಗಿ ಲಿಂಕ್) ಇನ್ನೂ ತಗೋಬೇಕಾ, ಹಳೇದಾಯ್ತು ಅಂತಾರಲ್ಲ?

ಹಳೇದೇ, ಅದರ ಸ್ಟ್ಯಾಂಡರ್ಡ್ ಬಂದಿದ್ದು 2001ರಲ್ಲಿ. ಹಾಗಂತ ಕೆಟ್ಟದ್ದಲ್ಲ. ಕಂಪನಿ ತನ್ನ ನೆಟ್‌ವರ್ಕ್ ಒಳಗೆ ನಿಮ್ಮ ಪ್ಯಾಕೆಟ್‌ಗೆ (ಡೇಟಾದ ಪ್ರತಿ ತುಂಡಿಗೆ) ಒಂದು ಲೇಬಲ್ ಹಾಕಿ ಬೇರೆಯವರದ್ರ ಜೊತೆ ಸೇರದ ಹಾಗೆ ಸಾಗಿಸುತ್ತೆ, ಫೋನ್ ಕಾಲ್‌ಗೆ ಮೊದಲ ಆದ್ಯತೆ ಅಂತ ಹೇಳಿದ್ರೆ ದಾರಿಯುದ್ದಕ್ಕೂ ಪಾಲಿಸುತ್ತೆ. ಮಾಮೂಲಿ ಇಂಟರ್ನೆಟ್‌ನಲ್ಲಿ ಆ ಗ್ಯಾರಂಟಿ ಯಾರೂ ಕೊಡಲ್ಲ. ಒಂದು ವಿಷಯ ಮಾತ್ರ ತಪ್ಪು ತಿಳ್ಕೋಬೇಡಿ, ಎಂಪಿಎಲ್‌ಎಸ್ ಪ್ರೈವೇಟ್ ಹೌದು, ಆದ್ರೆ ತಾನಾಗೇ ಎನ್‌ಕ್ರಿಪ್ಟ್ ಮಾಡಲ್ಲ, ಅಂದ್ರೆ ಬೇರೆಯವರು ಓದೋಕೆ ಆಗದ ಹಾಗೆ ಡೇಟಾನ ಬದಲಾಯಿಸಲ್ಲ. ಗುಟ್ಟಿನ ಡೇಟಾ ಇದ್ರೆ ಅದ್ರ ಮೇಲೂ ಐಪಿಸೆಕ್ ಅನ್ನೋ ಎನ್‌ಕ್ರಿಪ್ಷನ್ ಹಾಕ್ಬೇಕು.

ಅದು ಬೇಡ ಅನ್ಸೋದು ಎಲ್ಲಿ ಅಂದ್ರೆ, ಕೆಲಸ ಕ್ಲೌಡ್‌ಗೆ ಹೋದಾಗ. ಕಲಬುರಗಿ ಬ್ರಾಂಚ್ ತಗೊಳ್ಳಿ. ನಿಮ್ಮ ಸಾಫ್ಟ್‌ವೇರ್ ಅಮೆಜಾನ್‌ನ ಹೈದರಾಬಾದ್ ಡೇಟಾ ಸೆಂಟರ್‌ನಲ್ಲಿದೆ ಅಂದ್ಕೊಳ್ಳಿ, ಅದು 2022ರಲ್ಲಿ ಶುರುವಾಯ್ತು. ಕಲಬುರಗಿಯಿಂದ ಹೈದರಾಬಾದ್ ಪಕ್ಕದಲ್ಲೇ, ಬೆಂಗಳೂರು ಅದರ ಎರಡು ಪಟ್ಟಿಗೂ ಜಾಸ್ತಿ ದೂರ. ಆದ್ರೆ ಎಂಪಿಎಲ್‌ಎಸ್‌ನಲ್ಲಿ ಎಲ್ಲಾ ಟ್ರಾಫಿಕ್ಕೂ ಮೊದಲು ಹೆಡ್ ಆಫೀಸಿಗೆ ಬಂದು ಅಲ್ಲಿಂದ ಇಂಟರ್ನೆಟ್‌ಗೆ ಹೋಗೋ ಹಾಗೆ ಕಟ್ಟಿರ್ತಾರೆ, ಹಾಗಾಗಿ ಡೇಟಾ ಬೆಂಗಳೂರಿಗೆ ಇಳಿದು ಮತ್ತೆ ಹೈದರಾಬಾದ್‌ಗೆ ಹತ್ತುತ್ತೆ. ಅಲ್ಲೇ ಒಂದು ಲೋಕಲ್ ಇಂಟರ್ನೆಟ್ ಲಿಂಕ್ ಹಾಕಿಸಿದ್ರೆ ನೇರವಾಗಿ ಹೋಗುತ್ತೆ, ರೇಟೂ ಕಮ್ಮಿ.

ಎಸ್‌ಡಿ-ವ್ಯಾನ್ ಹಾಕಿದ್ರೆ ಎಲ್ಲಾ ಸರಿ ಹೋಗುತ್ತಾ?

ಎಲ್ಲಾ ಹೋಗಲ್ಲ. ಎಸ್‌ಡಿ-ವ್ಯಾನ್ ಅನ್ನೋದು ಲಿಂಕ್ ಅಲ್ಲ, ಇರೋ ಲಿಂಕ್‌ಗಳನ್ನ ಜಾಣತನದಿಂದ ಬಳಸೋ ಡಬ್ಬ. ಎರಡು ಮೂರು ಲಿಂಕ್ ಮೇಲೆ ಎನ್‌ಕ್ರಿಪ್ಟ್ ಆದ ಟನಲ್ (ವಿಪಿಎನ್ ದಾರಿ) ಹಾಕುತ್ತೆ, ಪ್ರತಿಯೊಂದರಲ್ಲೂ ಪ್ಯಾಕೆಟ್ ಎಷ್ಟು ಕಳೆದುಹೋಗ್ತಿದೆ, ಎಷ್ಟು ತಡ ಆಗ್ತಿದೆ ಅಂತ ಅಳೀತಾನೇ ಇರುತ್ತೆ, ಒಂದು ಲಿಂಕ್ ಪೂರ್ತಿ ಸಾಯೋಕೆ ಮುಂಚೆನೇ, ಬರೀ ಹದಗೆಟ್ಟಾಗಲೇ, ಫೋನ್ ಕಾಲ್‌ನ ಇನ್ನೊಂದಕ್ಕೆ ತಿರುಗಿಸುತ್ತೆ. ಈ ಕೊನೇದು ತುಂಬಾ ದೊಡ್ಡ ವಿಷಯ, ಯಾಕಂದ್ರೆ ನಮ್ಮಲ್ಲಿ ಲಿಂಕ್ ಪೂರ್ತಿ ಹೋಗೋದಕ್ಕಿಂತ ಅರ್ಧಂಬರ್ಧ ಇರೋದೇ ಜಾಸ್ತಿ, ರೂಟರ್‌ನಲ್ಲಿ ಹಸಿರು ಲೈಟ್ ಉರೀತಿರುತ್ತೆ, ಕೆಲಸ ಮಾತ್ರ ಆಗಲ್ಲ, ಸಾಧಾರಣ ರೂಟರ್ ಅದನ್ನ ಸರಿ ಇದೆ ಅಂತಾನೇ ಲೆಕ್ಕ ಹಾಕುತ್ತೆ.

ಹತ್ತು ಹದಿನೈದು ಬ್ರಾಂಚ್ ಮೇಲಿದ್ರೆ ಖಂಡಿತ ಹಾಕಿ, ಒಂದೇ ಕಡೆ ಕೂತು ಎಲ್ಲಾ ನೋಡ್ಬಹುದು. ಮೂರು ನಾಲ್ಕು ಬ್ರಾಂಚಿಗೆ ಎರಡು ಲಿಂಕ್ ಹಾಕೋಕೆ ಬರೋ ಒಳ್ಳೆ ಫೈರ್‌ವಾಲ್, ಅದರಲ್ಲಿ ಐಪಿಸೆಕ್ ಟನಲ್, ಇಷ್ಟೇ ಸಾಕು ಅನ್ನೋದು ನನ್ನ ಅಭಿಪ್ರಾಯ. ತಗೊಳ್ಳೋಕೆ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬರವಣಿಗೆಯಲ್ಲಿ ತಗೊಳ್ಳಿ: ವರ್ಷದ ಲೈಸೆನ್ಸ್ ಮುಗಿದ ದಿನ ಡಬ್ಬ ಏನ್ ಮಾಡುತ್ತೆ, ಟನಲ್ ನಡೆಯುತ್ತಾ, ಇಲ್ಲ ಪೂರ್ತಿ ನಿಲ್ಲುತ್ತಾ?

ಎರಡು ಬೇರೆ ಬೇರೆ ಕಂಪನಿ ಲಿಂಕ್ ಹಾಕ್ಸಿದೀವಿ, ಆದ್ರೂ ಎರಡೂ ಒಟ್ಟಿಗೆ ಹೋಗುತ್ತೆ, ಹೇಗೆ?

ಬಿಲ್ ಮೇಲಿನ ಹೆಸರು ಬೇರೆ, ಕಂಬ ಒಂದೇ. ಇಡೀ ವಿಷಯದಲ್ಲಿ ನೀವು ಒಂದನ್ನ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ, ಟೆಕ್ನಾಲಜಿ ಹೆಸರಿಗಿಂತ ಕೊನೆಯ ಒಂದೆರಡು ಕಿಲೋಮೀಟರ್ ದಾರಿನೇ ನಿಮ್ಮ ಲಿಂಕಿನ ಹಣೆಬರಹ ಬರೆಯೋದು.

ಲೆಕ್ಕ ನೋಡಿ. ತಿಂಗಳಿಗೆ 720 ಗಂಟೆ. 99 ಪರ್ಸೆಂಟ್ ನಡೆಯೋ ಬ್ರಾಡ್‌ಬ್ಯಾಂಡ್ ತಿಂಗಳಿಗೆ 7 ಗಂಟೆ 12 ನಿಮಿಷ ಹೋಗುತ್ತೆ. ಅಂಥವೇ ಎರಡು, ಒಂದಕ್ಕೊಂದು ಸಂಬಂಧಾನೇ ಇಲ್ದೆ ಇದ್ರೆ, ಎರಡೂ ಒಟ್ಟಿಗೆ ಹೋಗೋದು ತಿಂಗಳಿಗೆ ನಾಲ್ಕೈದು ನಿಮಿಷ ಅಷ್ಟೇ. ಒಂದು ದುಬಾರಿ ಲೀಸ್ಡ್ ಲೈನ್ 99.5 ಪರ್ಸೆಂಟ್ ಅಂತ ಬರ್ಕೊಟ್ರೂ ತಿಂಗಳಿಗೆ 3 ಗಂಟೆ 36 ನಿಮಿಷ ಹೋಗ್ಬಹುದು ಅಂತಾನೇ ಅರ್ಥ. ಅಂದ್ರೆ ಎರಡು ಅಗ್ಗದ ಲಿಂಕು ಒಂದು ದುಬಾರಿ ಲಿಂಕನ್ನ ಸೋಲಿಸುತ್ತೆ, ಆದ್ರೆ ನಿಜವಾಗ್ಲೂ ಬೇರೆ ಬೇರೆ ದಾರಿ ಇದ್ರೆ ಮಾತ್ರ. ನೆಲದೊಳಗಿನ ಒಂದೇ ಡಕ್ಟ್‌ನಲ್ಲಿ (ಕೇಬಲ್ ಹೋಗೋ ಪೈಪು) ಎರಡೂ ಬಂದ್ರೆ ಜೆಸಿಬಿ ಒಂದು ಸಲ ಕೈ ಹಾಕಿದ್ರೆ ಎರಡೂ ಹೋಯ್ತು. ಅಗೆಯೋಕೆ ಮುಂಚೆ ಕೇಬಲ್ ಮಾಲೀಕರಿಗೆ ತಿಳಿಸ್ಲಿ ಅಂತಾನೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಕಾಲ್ ಬಿಫೋರ್ ಯು ಡಿಗ್ ಆ್ಯಪ್ ತಂದಿದ್ದು.

ಹಾಗಾಗಿ ಸೇಲ್ಸ್‌ನವರ ಹತ್ರ ಅಲ್ಲ, ಫೀಸಿಬಿಲಿಟಿ (ಇಲ್ಲಿಗೆ ಲಿಂಕ್ ಕೊಡೋಕೆ ಆಗುತ್ತಾ ಅಂತ) ನೋಡೋಕೆ ಬರೋ ಲೈನ್‌ಮನ್ ಹತ್ರ ಮಾತಾಡಿ. ಕೇಬಲ್ ಯಾವ ಕಡೆಯಿಂದ ಬರುತ್ತೆ, ಕಂಬದ ಮೇಲಾ ನೆಲದೊಳಗಾ, ಎಲ್ಲಿ ಜಾಯಿಂಟ್ ಇದೆ, ಕೊನೆ ಭಾಗ ಕಂಪನಿದೇನಾ ಇಲ್ಲ ಲೋಕಲ್ ಕೇಬಲ್‌ನವರದ್ದಾ, ಇದೆಲ್ಲ ಅವ್ರಿಗೆ ಗೊತ್ತಿರುತ್ತೆ. ಇನ್ನೊಂದು ಮುಖ್ಯ ಪ್ರಶ್ನೆ, ಮಧ್ಯದಲ್ಲಿ ಕರೆಂಟ್ ಬೇಕಾದ ಸ್ವಿಚ್ ಏನಾದ್ರೂ ಇದೆಯಾ? ಫೈಬರನ್ನ ಕವಲು ಮಾಡೋ ಜಿಪಾನ್ ಸ್ಪ್ಲಿಟರ್‌ಗೆ ಕರೆಂಟ್ ಬೇಡ. ಆದ್ರೆ ಲೋಕಲ್‌ನವರು ಕೆಲವು ಕಡೆ ಕಂಬದ ಮೇಲೆ ಡಬ್ಬದಲ್ಲಿ ಸ್ವಿಚ್ಚೋ ಮೀಡಿಯಾ ಕನ್ವರ್ಟರ್ರೋ ಇಟ್ಟು ಪಕ್ಕದ ಅಂಗಡಿಯಿಂದ ಕರೆಂಟ್ ತಗೊಂಡಿರ್ತಾರೆ. ಏರಿಯಾದಲ್ಲಿ ಕರೆಂಟ್ ಹೋದ್ರೆ ನಿಮ್ಮ ಆಫೀಸ್ ಯುಪಿಎಸ್‌ನಲ್ಲಿ ಎಲ್ಲಾ ಉರೀತಿರುತ್ತೆ, ಲಿಂಕ್ ಮಾತ್ರ ಇರಲ್ಲ. ಮಳೆಗಾಲದಲ್ಲಿ ಪುತ್ತೂರು, ಶಿರಸಿ ಕಡೆ ಮರ ಬಿದ್ದು ಕಂಬ, ತಂತಿ, ಫೈಬರ್ ಎಲ್ಲಾ ಒಟ್ಟಿಗೆ ಹೋಗೋದು ಸಾಮಾನ್ಯ, ಅಂಥ ಕಡೆ ಎರಡನೇ ಲಿಂಕ್ ಫೈಬರ್ ಆಗಿರದೇ ಇರೋದೇ ಒಳ್ಳೇದು.

ಹಾಗಾದ್ರೆ ಬ್ಯಾಕಪ್‌ಗೆ 4ಜಿ, 5ಜಿ ಸಿಮ್ ಹಾಕ್ಬಹುದಾ?

ಹಾಕಿ, ಒಳ್ಳೆ ಯೋಚನೆ. ಎರಡು ವಿಷಯ ನೋಡ್ಕೊಳ್ಳಿ. ಮಾಮೂಲಿ ಸಿಮ್‌ಗೆ ನಿಮ್ಮದೇ ಅನ್ನೋ ಪಬ್ಲಿಕ್ ಐಪಿ ಸಿಗಲ್ಲ, ತುಂಬಾ ಜನಕ್ಕೆ ಒಂದೇ ಐಪಿ ಹಂಚಿರ್ತಾರೆ, ಹಾಗಾಗಿ ಹೆಡ್ ಆಫೀಸ್‌ನಿಂದ ಬ್ರಾಂಚಿಗೆ ಟನಲ್ ಶುರು ಮಾಡೋಕೆ ಆಗಲ್ಲ. ಬ್ರಾಂಚ್ ಕಡೆಯಿಂದಲೇ ಟನಲ್ ಶುರು ಆಗೋ ಹಾಗೆ ಕಾನ್ಫಿಗರ್ ಮಾಡಿದ್ರೆ ಸಮಸ್ಯೆ ಇಲ್ಲ. ಎರಡನೇದು ಸಿಗ್ನಲ್, ರೂಟರ್ ಕಬ್ಬಿಣದ ರ‍್ಯಾಕ್ ಒಳಗೆ ಇಟ್ಟು ಸಿಗ್ನಲ್ ಇಲ್ಲ ಅಂದ್ರೆ ಆಗಲ್ಲ, ಆಂಟೆನಾ ಕಿಟಕಿ ಹತ್ರ ಬರ್ಲಿ ಅಥ್ವಾ ಮಾಳಿಗೆ ಮೇಲೆ ಹೋಗ್ಲಿ. ಫೈಬರ್ ಕೊಟ್ಟ ಕಂಪನಿದೇ ಸಿಮ್ ಬೇಡ, ಟವರ್‌ಗೂ ಅದೇ ಫೈಬರ್ ಹೋಗಿರ್ಬಹುದು.

ಸ್ಯಾಟಲೈಟ್?

ಫೈಬರ್ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ ಅನ್ನೋ ಘಟ್ಟದೊಳಗಿನ ಎಸ್ಟೇಟು, ಕ್ವಾರಿ, ಅಂಥ ಕಡೆ ವಿಸ್ಯಾಟ್ (ಸಣ್ಣ ಡಿಶ್ ಇಟ್ಟು ಸ್ಯಾಟಲೈಟ್ ಮೂಲಕ ತಗೊಳ್ಳೋ ಲಿಂಕ್) ಬಿಟ್ರೆ ಗತಿ ಇಲ್ಲ. ಎಷ್ಟೋ ಎಟಿಎಂಗಳು ಅದ್ರಲ್ಲೇ ನಡೆದಿವೆ. ಹಾಸನದ ಇಸ್ರೋ ಕೇಂದ್ರದಿಂದ ನಿಯಂತ್ರಿಸೋ ಭೂಸ್ಥಿರ ಉಪಗ್ರಹಗಳು ಇರೋದು ಸುಮಾರು 36,000 ಕಿಲೋಮೀಟರ್ ಮೇಲೆ, ಒಂದು ಪ್ರಶ್ನೆ ಹೋಗಿ ಉತ್ತರ ಬರೋ ಹೊತ್ತಿಗೆ ನಾಲ್ಕು ಸಲ ಆ ದೂರ ದಾಟ್ಬೇಕು, ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡ್ ಹತ್ರ ಆಗುತ್ತೆ. ಕಾರ್ಡ್ ಸ್ವೈಪು, ಸಣ್ಣ ಎಂಟ್ರಿ ಇವಕ್ಕೆ ನಡೆಯುತ್ತೆ. ಫೋನ್‌ನಲ್ಲಿ ಮಾತಾಡೋಕೆ ಕಷ್ಟ, ಮಾತು ಒಂದು ಕಡೆಗೆ ತಲುಪೋಕೆ 150 ಮಿಲಿಸೆಕೆಂಡ್ ಒಳಗಿದ್ರೆ ಚೆನ್ನ ಅನ್ನುತ್ತೆ ಸ್ಟ್ಯಾಂಡರ್ಡು. ಟ್ಯಾಲಿ ಫೋಲ್ಡರ್ ಶೇರಿಂಗ್ ಅಂತೂ ಕನಸಲ್ಲೂ ಬೇಡ. ವಿಸ್ಯಾಟ್ ಕೆಯು ಬ್ಯಾಂಡ್ (ಒಂದು ಫ್ರೀಕ್ವೆನ್ಸಿ) ಆದ್ರೆ ಜೋರು ಮಳೆಗೆ ಸಿಗ್ನಲ್ ಬೀಳುತ್ತೆ, ಮಲೆನಾಡಿನಲ್ಲಿ ಇದನ್ನ ಕೇಳೇ ತಗೊಳ್ಳಿ. ಕೆಳಗಿನ ಕಕ್ಷೆಯ ಉಪಗ್ರಹ ಆದ್ರೆ ಇಷ್ಟು ತಡ ಆಗಲ್ಲ, ಅವು ಇರೋದೇ ಕೆಲವು ನೂರು ಕಿಲೋಮೀಟರ್‌ನಿಂದ ಸಾವಿರ ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ.

ವಿಪಿಎನ್ ಅಪ್ ಇದೆ, ಪಿಂಗ್ (ಆ ಕಡೆ ಲಿಂಕ್ ಇದೆಯಾ ಅಂತ ನೋಡೋ ಸಣ್ಣ ಪ್ಯಾಕೆಟ್) ಬರುತ್ತೆ, ಲಾಗಿನ್ ಪೇಜ್ ಬರುತ್ತೆ, ಆಮೇಲೆ ಹ್ಯಾಂಗ್. ಯಾಕೆ?

ನೂರಕ್ಕೆ ತೊಂಬತ್ತು ಪಾಲು ಇದು ಎಂಟಿಯು ತೊಂದ್ರೆ, ಎಂಟಿಯು ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ. ಮಾಮೂಲಿ ಪ್ಯಾಕೆಟ್ 1500 ಬೈಟ್, ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕನೆಕ್ಟ್ ಆಗೋ ವಿಧಾನ) ಇರೋ ಬ್ರಾಡ್‌ಬ್ಯಾಂಡ್‌ನಲ್ಲಿ 1492ಕ್ಕೆ ಇಳಿಯುತ್ತೆ, ಐಪಿಸೆಕ್ ಅದ್ರಲ್ಲಿ ಇನ್ನೂ 50ರಿಂದ 80 ಬೈಟ್ ತಿನ್ನುತ್ತೆ. ಸಣ್ಣ ಪ್ಯಾಕೆಟ್ ಆರಾಮಾಗಿ ಹೋಗುತ್ತೆ, ಅದಕ್ಕೇ ಪಿಂಗ್ ಬರೋದು, ದೊಡ್ಡ ಪ್ಯಾಕೆಟ್ ಮಧ್ಯದಲ್ಲೇ ಬಿದ್ದು ಹೋಗುತ್ತೆ. ಪಿಂಗ್‌ಗೆ ತುಂಡು ಮಾಡಬೇಡ ಅನ್ನೋ ಆಪ್ಷನ್ ಹಾಕಿ 1472ರಿಂದ ಕೆಳಗೆ ಇಳಿಸ್ತಾ ಬನ್ನಿ, ಎಲ್ಲಿ ಉತ್ತರ ಶುರುವಾಗುತ್ತೋ ಅದಕ್ಕೆ 28 ಸೇರಿಸಿದ್ರೆ ನಿಮ್ಮ ನಿಜವಾದ ಎಂಟಿಯು. ಫೈರ್‌ವಾಲ್‌ನಲ್ಲಿ ಎಂಎಸ್‌ಎಸ್ (ಒಂದು ಪ್ಯಾಕೆಟ್ ಒಳಗಿನ ಡೇಟಾದ ಮಿತಿ) 1360 ಹಾಕಿ ನೋಡಿ, ಬಹುತೇಕ ಅಲ್ಲಿಗೆ ಸರಿ ಹೋಗುತ್ತೆ.

ಕಾಂಟ್ರಾಕ್ಟ್‌ನಲ್ಲಿ ಏನು ನೋಡ್ಬೇಕು?

ಹಾಕ್ಸೋವಾಗಿನ ಒಂದ್ಸಲದ ಚಾರ್ಜು, ವರ್ಷದ ಚಾರ್ಜು, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಎಷ್ಟು ವರ್ಷದ ಲಾಕ್-ಇನ್, ಆಫೀಸ್ ಬದಲಾಯಿಸಿದ್ರೆ ಶಿಫ್ಟಿಂಗ್ ಚಾರ್ಜು. ಎಸ್‌ಎಲ್‌ಎ (ಲಿಂಕ್ ಎಷ್ಟು ಪರ್ಸೆಂಟ್ ಹೊತ್ತು ನಡೆಯುತ್ತೆ ಅಂತ ಕಂಪನಿ ಬರ್ಕೊಡೋ ಒಪ್ಪಂದ) ಓದೋವಾಗ ಪರ್ಸೆಂಟ್ ಮೇಲೆ ಕಣ್ಣು ಇಡೋದಕ್ಕಿಂತ, ಯಾವುದನ್ನ ಡೌನ್ ಅಂತ ಲೆಕ್ಕ ಹಾಕಲ್ಲ ಅನ್ನೋ ಪ್ಯಾರಾ ಓದಿ. ಫೈಬರ್ ಕಟ್ ಹೊರಗಿಟ್ಟಿದ್ರೆ ಆ 99.5ಕ್ಕೆ ಬೆಲೆನೇ ಇಲ್ಲ. ಪೆನಾಲ್ಟಿ ಅಂತ ಕೊಡೋದು ಬಿಲ್‌ನಲ್ಲಿ ಒಂದಷ್ಟು ವಜಾ ಮಾತ್ರ, ಗೇಟಲ್ಲಿ ನಿಂತ ಲಾರಿ ಖರ್ಚು ಯಾರೂ ಕೊಡಲ್ಲ.

ಸೆಕ್ಯುರಿಟಿಗೆ ಕಾನೂನು ಏನಾದ್ರೂ ಇದೆಯಾ?

ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸಿಸ್ಟಂ ಲಾಗ್‌ಗಳನ್ನ (ಸಿಸ್ಟಂನಲ್ಲಿ ಯಾವಾಗ ಏನಾಯ್ತು ಅನ್ನೋ ದಾಖಲೆ) 180 ದಿನ ಇಡ್ಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆ ಒಳಗೆ ಆ ಸಂಸ್ಥೆಗೆ ತಿಳಿಸ್ಬೇಕು. ಬ್ರಾಂಚ್‌ನ ಅಗ್ಗದ ರೂಟರ್ ರೀಸ್ಟಾರ್ಟ್ ಆದ್ರೆ ಲಾಗ್ ಅಳಿಸಿ ಹೋಗುತ್ತೆ, ಅದಕ್ಕೇ ಎಲ್ಲಾ ಲಾಗೂ ಹೆಡ್ ಆಫೀಸಿನ ಒಂದು ಸರ್ವರ್‌ಗೆ ಬರೋ ಹಾಗೆ ಮಾಡಿ.

ಮೊದಲು ಹೇಳಿದ ಆ ಬ್ರಾಂಚ್‌ಗಳಿಗೆ ನೀವಾದ್ರೆ ಏನು ಹಾಕ್ತೀರಿ?

ಬೆಂಗಳೂರು ಹೆಡ್ ಆಫೀಸಿಗೆ ಒಂದು ಲೀಸ್ಡ್ ಲೈನ್, ಬೇರೆ ದಾರಿಯಲ್ಲಿ ಬರೋ ಇನ್ನೊಂದು ಕಂಪನಿಯ ಬ್ರಾಡ್‌ಬ್ಯಾಂಡ್. ದಾಬಸ್‌ಪೇಟೆ ಗೋಡೌನ್‌ಗೆ ಸಣ್ಣ ಲೀಸ್ಡ್ ಲೈನ್, 10 ಎಂಬಿಪಿಎಸ್ ಆದ್ರೂ ಸಾಕು, ಜೊತೆಗೆ 5ಜಿ. ಹುಬ್ಬಳ್ಳಿ, ಕಲಬುರಗಿಗೆ ಎರಡೆರಡು ಬ್ರಾಡ್‌ಬ್ಯಾಂಡ್. ಪುತ್ತೂರು, ಶಿರಸಿಗೆ ಒಂದು ಫೈಬರ್, ಒಂದು 4ಜಿ, ರೂಟರ್‌ಗೆ ನಾಲ್ಕು ಗಂಟೆ ಬರೋ ಬ್ಯಾಟರಿ. ಎಲ್ಲಾ ಕಡೆ ಒಂದೇ ಕಂಪನಿ ಫೈರ್‌ವಾಲ್, ಐಪಿಸೆಕ್. ಎಂಪಿಎಲ್‌ಎಸ್ ಇಲ್ಲಿಗೆ ಬೇಡ.

ಹಳೇ ಲಿಂಕ್ ಯಾವಾಗ ತೆಗೆಸ್ಬೇಕು, ಹೊಸದು ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಕಮ್ಮಿ ಅಂದ್ರೂ ಒಂದು ಜಿಎಸ್‌ಟಿ ಫೈಲಿಂಗ್, ಒಂದು ತಿಂಗಳ ಕೊನೆ ಹೊಸ ಲಿಂಕ್ ಮೇಲೆ ದಾಟ್ಲಿ, ಆಮೇಲೆ ಹಳೇದಕ್ಕೆ ನೋಟಿಸ್ ಕೊಡಿ. ಟೆಸ್ಟ್ ಅಂದ್ರೆ ಸ್ಪೀಡ್ ಟೆಸ್ಟ್ ಅಲ್ಲ. ಬೆಳಿಗ್ಗೆ ಹನ್ನೊಂದು ಗಂಟೆಗೆ ಬಿಲ್ಲಿಂಗ್ ನಡೀತಿರೋವಾಗ ಮೇನ್ ಲಿಂಕಿನ ಕೇಬಲ್ ಕಿತ್ತು ನೋಡಿ, ಕೌಂಟರ್‌ನಲ್ಲಿ ಕೂತವರಿಗೆ ಗೊತ್ತಾಗ್ಬಾರ್ದು. ವಾಪಸ್ ಹಾಕಿದ ಮೇಲೆ ಟ್ರಾಫಿಕ್ ತಾನಾಗೇ ಮೇನ್ ಲಿಂಕಿಗೆ ಬರುತ್ತಾ ಅದನ್ನೂ ನೋಡಿ, ಕೆಲವು ರೂಟರ್ ಬ್ಯಾಕಪ್‌ನಲ್ಲೇ ಉಳ್ಕೊಂಡು ಸಿಮ್ ಡೇಟಾ ಖಾಲಿ ಮಾಡ್ತವೆ. ಪ್ರತಿ ಲಿಂಕಿನ ಸರ್ಕ್ಯೂಟ್ ಐಡಿ, ಕಂಪ್ಲೇಂಟ್ ನಂಬರ್ ಪ್ರಿಂಟ್ ತೆಗೆದು ರೂಟರ್ ಪಕ್ಕ ಗೋಡೆಗೆ ಅಂಟಿಸಿ, ಅದರದ್ದೇ ಒಂದು ಫೋಟೋ ಬ್ರಾಂಚ್ ಮ್ಯಾನೇಜರ್ ಮೊಬೈಲ್‌ನಲ್ಲೂ ಇರ್ಲಿ.